ಸಾಲಿನ ಕೊನೆಯ ಕೆಂಪು ಬಲ್ಬು

ಮಾರ್ಚ್ 2, 1937, ಮಂಗಳವಾರ

ಈಸ್ಟರ್ ಉಪವಾಸಕ್ಕೆ ಬೆಣ್ಣೆ ಬಿಟ್ಟೆ, ಚಹಾಕ್ಕೆ ಸಕ್ಕರೆ ಬಿಟ್ಟೆ. ಈ ವರ್ಷ ಜೊತೆಗೆ ಬೈಗುಳವನ್ನೂ ಬಿಡ್ತೀನಿ ಅಂತ ಪಾದ್ರಿಗಳ ಮುಂದೆ ಹೇಳಿ ಬಂದಿದ್ದೆ. ಬೈಯದೆ ಹೊಟ್ಟೆ ಉಬ್ಬರಿಸಿ ಬಂತು. ಅದಕ್ಕೇ ಈ ಪುಸ್ತಕ ತಗೊಂಡೆ. ಬರೆದು ಬೈದರೆ ವ್ರತಭಂಗ ಅಲ್ಲ ಅಂತ ನಾನೇ ತೀರ್ಪು ಕೊಟ್ಟುಕೊಂಡಿದ್ದೀನಿ.

ಇವತ್ತು ಮಗಳು ಯೂನಾಳ ಚೀಲದಲ್ಲಿ ಒಂದು ಜೊತೆ ಕೈಗವಸು ಸಿಕ್ಕಿತು. ಮೊಣಕೈ ದಾಟಿ ಮೇಲೆ ಹೋಗುವಷ್ಟು ಉದ್ದ, ಹಸಿರು ಸ್ಯಾಟಿನ್ ಬಟ್ಟೆ. ಟೈಪಿಂಗ್ ಕಲಿಯೋ ಹುಡುಗಿಗೆ ಇದು ಯಾಕೆ? ಕೇಳಿದರೆ ಬಾಯಿಗೆ ಬೀಗ. ಕಡೆಗೆ ಬಂತು ಮಾತು: ಸಂಜೆ ಕ್ಲಾಸು ಮುಗಿಸಿ ಹಿಂಬಾಗಿಲಿಂದ ನಮ್ಮ ಥಿಯೇಟರಿಗೇ ಹೋಗ್ತಾ ಇದ್ದಾಳೆ. ಆ ಹೆಂಗಸಿನ ಹತ್ತಿರ. ಪೋಸ್ಟರಿನಲ್ಲಿ ಐವರಿ ಅಂತ ಹೆಸರು, ನಿಜವಾದ ಹೆಸರು ಬ್ರೋನ್ಯಾ, ಪೆನ್ಸಿಲ್ವೇನಿಯಾದ ಕಲ್ಲಿದ್ದಲು ಊರಿನವಳು. ಸಂಗೀತಕ್ಕೆ ಸರಿಯಾಗಿ ಒಂದೊಂದೇ ಬಟ್ಟೆ ಕಳಚಿ ಹೊಟ್ಟೆ ಹೊರೆಯೋಳು.

ಎರಡು ತಿಂಗಳಿಂದ ಹೋಗ್ತಾ ಇದ್ದಾಳಂತೆ. ನನ್ನ ಬೆನ್ನ ಹಿಂದೆ, ನನ್ನ ಟಿಕೆಟ್ ಗೂಡಿನಿಂದ ಒಂದು ಗೋಡೆ ಆಚೆ.

ನಾನು ಪೋಲಿ ಹಾಸ್ಯ, ಬಟ್ಟೆ ಬಿಚ್ಚೋ ಕುಣಿತದ ಈ ಬರ್ಲೆಸ್ಕ್ ಥಿಯೇಟರಿನ ಟಿಕೆಟ್ ಕಿಟಕಿಯಲ್ಲಿ ಕೂತಿರೋದು ನಿಜ. ಗಂಡ ಹೋದ ಮೇಲೆ ಸಿಕ್ಕಿದ ಕೆಲಸ ಅದು. ಆದರೆ ನನ್ನ ಮುಖ ಬೀದಿಗೆ, ಬೆನ್ನು ವೇದಿಕೆಗೆ. ಏಳು ವರ್ಷದಲ್ಲಿ ಒಂದು ದಿನವೂ ಒಳಗೆ ಇಣುಕಿಲ್ಲ. ಕೆಸರಿನ ಪಕ್ಕ ಕೂತು ಮಿಠಾಯಿ ಮಾರೋರಿಗೂ ಕೆಸರಿನಲ್ಲಿ ಹೊರಳಾಡೋರಿಗೂ ವ್ಯತ್ಯಾಸ ಇಲ್ಲವಾ? ಇದೆ. ಮಗಳಿಗೂ ಅದನ್ನೇ ಹೇಳಿದ್ದೆ, ಕೇಳಬೇಕಲ್ಲ.

ಆ ಹೆಂಗಸಿನ ಕೈಗೆ ಹುಳ ಬೀಳ. (ಬರೆದಿದ್ದು, ಅಂದಿದ್ದಲ್ಲ.)

ಮಾರ್ಚ್ 4, ಗುರುವಾರ

ಸಂಜೆ ಆಟದಲ್ಲಿ ಪೋಲೀಸರು ಬಂದು ಆ ಹೆಂಗಸನ್ನು ಹಿಡಿದುಕೊಂಡು ಹೋದರು. ಮೈಮೇಲೆ ಇನ್ನೊಬ್ಬರ ಕೋಟು ಹೊದಿಸಿ ಮುಂಬಾಗಿಲಿಂದಲೇ ಕರೆದುಕೊಂಡು ಹೋದರು. ನನ್ನ ಕಿಟಕಿ ಮುಂದೆ ಹಾದು ಹೋಗುವಾಗ ಒಂದು ಸಲ ತಿರುಗಿ ನೋಡಿದಳು.

ವೇದಿಕೆಯ ಎಚ್ಚರಿಕೆ ದೀಪ ಹತ್ತಲಿಲ್ಲ, ಅದಕ್ಕೇ ಹೀಗಾಯಿತು.

ನಾಳೆ ಶುಕ್ರವಾರ, ಮಾಂಸ ಇಲ್ಲ, ಮೀನು ತರಬೇಕು.

ಮಾರ್ಚ್ 5, ಶುಕ್ರವಾರ

ಬೆಳಿಗ್ಗೆಯಿಂದ ಥಿಯೇಟರಿನಲ್ಲಿ ಅದೇ ಮಾತು. ನನ್ನ ಗೂಡಿನ ನೆಲದಲ್ಲಿ ಬಲಗಾಲ ಹತ್ತಿರ ಒಂದು ಗುಂಡಿ ಇದೆ. ಒತ್ತಿದರೆ ವೇದಿಕೆಯ ಅಂಚಿನ ದೀಪದ ಸಾಲಿನಲ್ಲಿ ಕೊನೆಯ ಕೆಂಪು ಬಲ್ಬು ಹತ್ತುತ್ತೆ. ಹತ್ತಿತು ಅಂದರೆ ಸಭೆಯಲ್ಲಿ ಪೋಲೀಸ್ ಕೂತಿದ್ದಾನೆ ಅಂತ ಅರ್ಥ. ಆ ಕ್ಷಣಕ್ಕೆ ವಾದ್ಯದವರು ನಿಧಾನ ಮಾಡ್ತಾರೆ, ವಿದೂಷಕರು ಅರ್ಧ ಆಡಿದ ಪೋಲಿ ಮಾತನ್ನ ಅಲ್ಲೇ ನುಂಗಿ ದೇವರ ಮಾತಿಗೆ ತಿರುಗಿಸ್ತಾರೆ, ಬಟ್ಟೆ ಮೈಮೇಲೇ ಉಳಿಯುತ್ತೆ. ಮಡಿವಂತರ ಊರಿನ ಹೆಸರು ಹಿಡಿದು ಅದಕ್ಕೆ 'ಬಾಸ್ಟನ್ ಆಟ' ಅಂತಾರೆ.

ಪೋಲೀಸನ್ನ ಗುರುತು ಹಿಡಿಯೋದು ನನ್ನ ಕೆಲಸ. ಸಾದಾ ಬಟ್ಟೆಯಲ್ಲಿ ಬರ್ತಾರೆ, ಆದರೂ ನನ್ನ ಕಣ್ಣಿಗೆ ಮಣ್ಣೆರಚೋಕೆ ಆಗಿಲ್ಲ. ಕಿಟಕಿ ಪಕ್ಕದಲ್ಲಿ ಹುಡುಗಿಯರ ಚಿತ್ರ ಹಾಕಿದ್ದಾರಲ್ಲ, ಬರೋ ಗಂಡಸರೆಲ್ಲ ಮೊದಲು ಅದನ್ನ ನೋಡ್ತಾರೆ. ಹತ್ತು ಮಕ್ಕಳ ಅಪ್ಪನೂ ನೋಡ್ತಾನೆ. ನೋಡದೆ ನೆಟ್ಟಗೆ ಬಂದು ಟಿಕೆಟ್ ಕೇಳೋನು ಪೋಲೀಸ್. ಇದನ್ನ ಯಾರೂ ನನಗೆ ಕಲಿಸಲಿಲ್ಲ.

ಮ್ಯಾನೇಜರ್ ವೆಕ್ಸ್ಲರ್ ನನ್ನನ್ನ ಕರೆದು ಕೇಳಿದ, ಒತ್ತಿದ್ದೆಯಾ ಅಂತ. ಒತ್ತಿದ್ದೆ ಅಂದೆ. ಹಾಗಾದರೆ ಬಲ್ಬು ಸುಟ್ಟಿರಬೇಕು ಅಂದ. ಇರಬೇಕು ಅಂದೆ. ದೀಪ ನೋಡಿಕೊಳ್ಳೋ ಗುಸ್ ಲಿಂಡ್‌ಕ್ವಿಸ್ಟನನ್ನು ಮಧ್ಯಾಹ್ನದ ಒಳಗೆ ಕೆಲಸದಿಂದ ತೆಗೆದು ಹಾಕಿದರು. ಸ್ವೀಡನ್ ಮನುಷ್ಯ, ಮಾತು ಕಮ್ಮಿ. ತನ್ನ ಇಕ್ಕಳ, ತಂತಿ ಸುರುಳಿ ಎಲ್ಲ ಒಂದು ಡಬ್ಬಿಗೆ ತುಂಬಿಕೊಂಡು ನನ್ನ ಕಿಟಕಿಗೆ ಟೊಪ್ಪಿ ಎತ್ತಿ ಹೋದ.

ನನ್ನ ಕಾಲು ಮರಗಟ್ಟಿತ್ತು. ನಿನ್ನೆ ಎಷ್ಟು ಚಳಿ ಇತ್ತು.

ಮಾರ್ಚ್ 7, ಭಾನುವಾರ

ಮರಗಟ್ಟಿರಲಿಲ್ಲ.

ಬೂದು ಟೊಪ್ಪಿಯೋನು ಬಂದ, ಚಿತ್ರ ನೋಡಲಿಲ್ಲ. ಟಿಕೆಟ್ ಹರಿದು ಕೊಟ್ಟೆ. ಕಾಲು ಗುಂಡಿಯ ಮೇಲೇ ಇತ್ತು. ಒಳಗಿಂದ ಅವಳ ಹಾಡಿನ ಕಹಳೆ ಶುರುವಾಯಿತು. ಆ ಹಸಿರು ಕೈಗವಸು ಕಣ್ಣ ಮುಂದೆ ಬಂತು. ಕಾಲು ಎತ್ತಿ ಪಕ್ಕಕ್ಕಿಟ್ಟೆ.

ಅಷ್ಟೇ ನಡೆದದ್ದು. ಮಗಳನ್ನ ಹೆತ್ತೋರು ಯಾರಾದರೂ ಇದನ್ನೇ ಮಾಡ್ತಿದ್ದರು.

ಮಾರ್ಚ್ 9, ಮಂಗಳವಾರ

ಕೋರ್ಟಿಗೆ ಹೋಗಿದ್ದೆ. ಹೋಗೋಣ ಅಂತ ಹೋದದ್ದಲ್ಲ, ಥಿಯೇಟರಿನವರೆಲ್ಲ ಹೊರಟರು, ನಾನೊಬ್ಬಳೇ ಉಳಿದರೆ ಏನಂದುಕೊಂಡಾರು ಅಂತ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳೋ ಜಾತಿ ಆಗಿದ್ದೀನಿ ಈಗ.

ಒಂದು ಕ್ಷಣ ಎದ್ದು ನಿಂತು ಹೇಳಿಬಿಡೋಣ ಅನ್ನಿಸಿತು, ದೇವರಾಣೆ. ಆದರೆ ಬಾಗಿಲಲ್ಲೇ ನಮ್ಮ ವಕೀಲ ಎಲ್ಲರ ಬಾಯಿಗೂ ಹೊಲಿಗೆ ಹಾಕಿದ್ದ. ದೀಪ, ಗುಂಡಿ ಅನ್ನೋ ಶಬ್ದ ಯಾರಾದರೂ ಎತ್ತಿದರೆ ಎಲ್ಲರೂ ಒಳಗೆ ಅಂದ. ಎಚ್ಚರಿಕೆ ದೀಪ ಇಟ್ಟುಕೊಂಡಿದ್ದೇವೆ ಅಂದರೆ ತಪ್ಪು ಅಂತ ಗೊತ್ತಿದ್ದೇ ಮಾಡಿದ್ದೇವೆ ಅಂತ ತಾನೇ ಅರ್ಥ. ಸತ್ಯ ಹೇಳಿದರೆ ಇನ್ನಷ್ಟು ಜನ ಮುಳುಗ್ತಾರೆ. ಬಿಸಿ ತುಪ್ಪ ಬಾಯಲ್ಲಿ, ನುಂಗೋ ಹಾಗಿಲ್ಲ, ಉಗುಳೋ ಹಾಗಿಲ್ಲ.

ಜಡ್ಜ್ ಮುದುಕ ಮಾತಿಗೊಮ್ಮೆ ಮೂಗಿನ ಕನ್ನಡಕ ತೆಗೆದು ಒರೆಸ್ತಿದ್ದ. ಅವಳನ್ನ ಮೇಲಿಂದ ಕೆಳಗೆ ಪೂರ್ತಿ ನೋಡಿ ಮುಗಿಸಿ ಆಮೇಲೆ ಛೀ ಅಂದ. ನಮ್ಮಲ್ಲಿಗೆ ಬರೋ ಮೊದಲು ಒಂದು ಸಲ ಸಿಕ್ಕಿಬಿದ್ದಿದ್ದಳಂತೆ, ಇದು ಎರಡನೇದು, ಅದಕ್ಕೇ ದಂಡ ಇಲ್ಲ, ಒಂದು ತಿಂಗಳು ಹೆಂಗಸರ ಜೈಲು. ಬೇಸಿಗೆಗೆ ಬಫೆಲೋ ಊರಿನ ಒಂದು ಕಂಪನಿಯಲ್ಲಿ ಅವಳಿಗೆ ಕೆಲಸ ಗಟ್ಟಿಯಾಗಿತ್ತಂತೆ. ಬಟ್ಟೆ ಬಿಚ್ಚೋದಲ್ಲ, ವಿದೂಷಕರಿಗೆ ಎದುರು ನಿಂತು ಮಾತು ಕೊಡೋ ಹೆಂಗಸಿನ ಪಾತ್ರ. ನಾಲ್ಕು ವರ್ಷದಿಂದ ಅದಕ್ಕೇ ಕಾಯ್ತಿದ್ದಳು ಅಂದ ನಮ್ಮ ವಿದೂಷಕ ಇಜ್ಜಿ. ಜೈಲು ಅಂದ ಕೂಡಲೇ ಆ ಕಂಪನಿಯವರು ಬೇಡ ಅಂತ ತಂತಿ ಹೊಡೆದರಂತೆ.

ಒಂದು ಸಂಜೆ ಠಾಣೆಯಲ್ಲಿ ಕೂರಿಸಿ ಬಿಡ್ತಾರೆ ಅಂತ ಅಂದುಕೊಂಡಿದ್ದೆ. ಅಷ್ಟೇ ನನಗೆ ಬೇಕಾಗಿದ್ದದ್ದು.

ಮಾರ್ಚ್ 16, ಮಂಗಳವಾರ

ಮನೆಯಲ್ಲಿ ಮಾತಿಲ್ಲ. ಯೂನಾ ತಟ್ಟೆ ಇಡ್ತಾಳೆ, ನಾನು ತಿಂತೀನಿ. ಇವತ್ತು ಅವಳೇ ಬಾಯಿ ಬಿಟ್ಟಳು.

"ಅವಳು ನನಗೆ ಏನು ಕಲಿಸ್ತಿದ್ದಳು ಅಂತ ಒಂದು ಸಲನಾದ್ರೂ ಕೇಳಿದ್ಯಾ ಅಮ್ಮ?"

ಕೇಳಿರಲಿಲ್ಲ. ಕೇಳಬೇಕು ಅಂತ ಹೊಳೆದೇ ಇರಲಿಲ್ಲ.

ಎದ್ದು ನಿಂತು ತೋರಿಸಿದಳು. ಆ ಕೈಗವಸು ಹಾಕಿಕೊಂಡು ಕೆಳಮನೆಯ ಮಿಸೆಸ್ ಗಿಲ್‌ಹೂಲಿ ಪೂಜೆಗೆ ಹೋಗೋ ಹಾಗೆ ನಡೆದಳು. ಒಂದೊಂದೇ ಬೆರಳು ಎಳೆದು ಕೈಗವಸು ಬಿಚ್ಚುತ್ತಾ ಅಕ್ಕಪಕ್ಕದವರ ಟೊಪ್ಪಿಗೆ ಬೆಲೆ ಕಟ್ಟೋದು, ಮೂಗು ಎತ್ತೋದು, ಕಾಣಿಕೆ ತಟ್ಟೆ ಬಂದಾಗ ಕೆಮ್ಮೋದು. ಮಾತೇ ಇಲ್ಲ. ಪ್ರತಿ ಸಲ ನಗು ಬರುತ್ತೆ ಅನ್ನೋ ಕಡೆ ನಿಂತು ಕಾಯ್ತಾಳೆ. ಆ ಕಾಯೋದನ್ನೇ ಬ್ರೋನ್ಯಾ ಎರಡು ತಿಂಗಳು ಕಲಿಸಿದ್ದಂತೆ. ನಗಬಾರದು ಅಂತ ಹಲ್ಲು ಕಚ್ಚಿ ಹಿಡಿದೆ. ಕಾಣಿಕೆ ತಟ್ಟೆ ಹತ್ತಿರ ಬರುವಾಗ ಆಗಲಿಲ್ಲ. ನಕ್ಕು ನಕ್ಕು ಕಡೆಗೆ ಅಳು ಬಂತು. ಯೂನಾ ಅದನ್ನ ನಗುವಿನ ಕಣ್ಣೀರು ಅಂದುಕೊಂಡಳು.

ಸೋಡಾ ರೊಟ್ಟಿ ಸುಟ್ಟಿದ್ದೀನಿ. ಯೂನಾ ನಾಳೆ ಜೈಲಿಗೆ ನೋಡೋಕೆ ಹೋಗ್ತಾಳಂತೆ. ಹೇಗೂ ಜಾಸ್ತಿ ಆಗಿದೆ, ಒಂದು ತಗೊಂಡು ಹೋಗು ಅಂದೆ.

ಮಾರ್ಚ್ 22, ಸೋಮವಾರ

ಮಳೆ. ಜನ ಇಲ್ಲ. ಇಜ್ಜಿ ಪ್ಲಾಟ್ನಿಕ್ ನನ್ನ ಗೂಡಿನ ಬಿಸಿ ಪೆಟ್ಟಿಗೆ ಹತ್ತಿರ ಬಂದು ಕೂತ. ಯೂನಾ ನನ್ನ ಊಟ ತಂದಿದ್ದಳು, ಅವಳೂ ಅಲ್ಲೇ. ಮೂರು ಜನ ಮಂಡಿಗೆ ಮಂಡಿ ತಾಗಿಸಿಕೊಂಡು. ಇಜ್ಜಿಗೆ ಅರವತ್ತು ದಾಟಿದೆ, ಸಡಿಲ ಪ್ಯಾಂಟು, ಕೆಂಪು ಮೂಗು ಅಂಟಿಸಿಕೊಂಡೇ ಓಡಾಡ್ತಾನೆ.

ಥಿಯೇಟರಿನ ಲೈಸೆನ್ಸು ಈ ತಿಂಗಳಲ್ಲ, ಮುಂದಿನ ತಿಂಗಳ ಕೊನೆಗೆ ಮುಗಿಯುತ್ತಂತೆ. ನಗರದವರು ಮತ್ತೆ ಕೊಡೋದು ಅನುಮಾನ. ಹುಡುಗಿಗೆ ಎಲ್ಲ ಹೇಳಿಬಿಡಬೇಕು ಅನ್ನೋ ಹಾಗೆ ಮುದುಕ ಮಾತಿಗೆ ಕೂತ. ಅವನ ತಾಯಿ ಆ ಕಾಲದಲ್ಲಿ ಬಿಗಿ ಕಾಲುಚೀಲ ಹಾಕಿ ರಾಜಕುಮಾರನ ವೇಷ ಕಟ್ಟಿದೋಳು. ಆಗ ಬರ್ಲೆಸ್ಕ್ ಅಂದರೆ ಅಣಕ. ಶ್ರೀಮಂತರು ವಜ್ರ ಹಾಕಿಕೊಂಡು ಹೋಗಿ ನೋಡೋ ಗಂಭೀರ ನಾಟಕಗಳನ್ನ, ಸಂಗೀತ ನಾಟಕಗಳನ್ನ ಹೆಂಗಸರೇ ಗಂಡಸರಾಗಿ ಆಡಿ ಮಣ್ಣು ಮುಕ್ಕಿಸ್ತಿದ್ದರು. ಹೆಂಗಸಿನ ಕಾಲು ಕಂಡದ್ದಕ್ಕಿಂತ ಹೆಂಗಸು ಗಂಡಸನ್ನ ನೋಡಿ ನಕ್ಕಳಲ್ಲ ಅಂತಲೇ ಪಾದ್ರಿಗಳಿಗೆ, ಪತ್ರಿಕೆಯವರಿಗೆ ಹೊಟ್ಟೆ ಉರಿದದ್ದು. ಆಮೇಲೆ ಇಜ್ಜಿಯಂಥ ವಿದೂಷಕರು ಸೇರಿಕೊಂಡರು. ಊರೂರು ಸುತ್ತೋ ಕಂಪನಿಗಳಾದವು. ಕೋರ್ಟಿನ ಪ್ರಹಸನ, ಡಾಕ್ಟರ ಪ್ರಹಸನ, ಯಾವುದನ್ನೂ ಬರೆದಿಟ್ಟಿಲ್ಲ, ಬಾಯಿಂದ ಬಾಯಿಗೆ, ಯಾರು ಬೇಕಾದರೂ ಆಡಬಹುದು. ಆಮೇಲೆ ಸಿನಿಮಾ ಬಂತು, ಸಂಸಾರಸ್ಥರು ಆ ಕಡೆ ಹೋದರು. ಒಂದು ದಿನ ಯಾವಳದೋ ಭುಜದ ಪಟ್ಟಿ ಕಿತ್ತುಹೋಯಿತು, ಪಾಪ ನಾಚಿ ಓಡಿದಳು, ಸಭೆ ಎದ್ದು ಕೂಗಿತು. ಮಾರನೇ ದಿನ ಮಾಲೀಕ ಅಂದನಂತೆ, ಆ ಅಪಘಾತವನ್ನ ದಿನಾ ಮಾಡು ಅಂತ.

ಇದರಲ್ಲಿ ಎಷ್ಟು ನಿಜವೋ, ಎಷ್ಟು ಇಜ್ಜಿಯೋ. ಆದರೂ ಆಮೇಲೆ ಅವನು ಕೆಂಪು ಮೂಗು ತೆಗೆದು ಕೈಯಲ್ಲಿ ಹಿಡಿದುಕೊಂಡು ಒಂದು ಮಾತಂದ.

"ಬಟ್ಟೆ ಬಿಚ್ಚೋದು ಬಂದು ನಗುವನ್ನ ನುಂಗಿಬಿಡ್ತು ಮಗಾ. ಆದ್ರೆ ಬ್ರೋನ್ಯಾ ಇದಾಳಲ್ಲ, ಅವಳು ಕೈಗವಸು ಬಿಚ್ಚುವಾಗ ಇವತ್ತಿಗೂ ನಮ್ಮಮ್ಮನ ನಗು ಇದೆ."

ಗುಸ್‌ಗೆ ಎಲ್ಲೂ ಕೆಲಸ ಸಿಕ್ಕಿಲ್ಲ ಅಂತಾನೂ ಹೇಳಿದ. ಬಲ್ಬು ಸುಟ್ಟರೂ ನೋಡದೋನು ಅಂತ ಎಲ್ಲ ಥಿಯೇಟರಿಗೂ ಸುದ್ದಿ ಹೋಗಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಎತ್ತು ನಾನು. ಊಟದ ಡಬ್ಬಿ ಮುಚ್ಚಿದೆ.

ಮಾರ್ಚ್ 27, ಶನಿವಾರ

ಈಸ್ಟರ್ ನಾಳೆ. ಪಾಪನಿವೇದನೆಗೆ ಸಾಲಿನಲ್ಲಿ ನಿಂತೆ. ಮಿಸೆಸ್ ಗಿಲ್‌ಹೂಲಿ ನನ್ನ ಹಿಂದೆಯೇ ನಿಂತಿದ್ದಳು. ಆ ಥಿಯೇಟರು ಮುಚ್ಚಿದರೆ ಬೀದಿ ಶುದ್ಧ ಆಗುತ್ತೆ ಅಂದಳು. ನಿಮ್ಮ ಯಜಮಾನರು ಯಾವಾಗಲೂ ಮೂರನೇ ಸಾಲು ಕೇಳ್ತಾರೆ, ಅವರಿಗೆ ಬೇಜಾರಾಗಬಹುದು ಅಂದೆ. ವ್ರತ ಅಲ್ಲಿಗೆ ಮುರೀತು.

ಜಾಲರಿಯ ಈ ಕಡೆ ಮಂಡಿಯೂರಿ ಎಲ್ಲ ಹೇಳಿದೆ. ಗುಂಡಿ, ಕಾಲು, ಸುಳ್ಳು, ಗುಸ್, ಜೈಲು. ಆ ಕಡೆಯಿಂದ ಪಾದ್ರಿಗಳು ಹೇಳಿದರು.

"ಪೋಲೀಸರಿಗೆ ಅಡ್ಡ ಬರಲಿಲ್ಲ ಅನ್ನೋದು ಪಾಪ ಅಲ್ಲಮ್ಮಾ, ನೀನು ಮಾಡಿದ ಒಳ್ಳೇ ಕೆಲಸ ಅದೊಂದೇ. ಏಳು ವರ್ಷ ಅಲ್ಲಿ ಕೂತು ಟಿಕೆಟ್ ಹರಿದೆಯಲ್ಲ, ಅದಕ್ಕೆ ಪಶ್ಚಾತ್ತಾಪ ಪಡು."

ಸುಳ್ಳಿಗೆ ಹತ್ತು ಪ್ರಾರ್ಥನೆ, ಟಿಕೆಟ್ಟಿಗೆ ಐವತ್ತು. ಪೂರ್ತಿ ಕ್ಷಮೆ ಅಂದರು.

ಮನೆಗೆ ಬಂದು ಕೂತಿದ್ದೀನಿ. ಹಗುರ ಆಗಬೇಕಿತ್ತು. ಅವರು ಕ್ಷಮಿಸಿದ್ದು ನಾನು ಮಾಡದೇ ಇರೋ ತಪ್ಪನ್ನ. ಮಾಡಿದ್ದು ಹಾಗೇ ಮಡಿಲಲ್ಲಿ ಉಳಿದಿದೆ.

ಏಪ್ರಿಲ್ 6, ಮಂಗಳವಾರ

ಗುಸ್ ಮನೆ ಹುಡುಕಿಕೊಂಡು ಊರಿನ ಆ ತುದಿಯ ಬೇ ರಿಡ್ಜ್‌ವರೆಗೂ ಹೋದೆ. ಒಂದೇ ಕೋಣೆ, ಒಲೆ, ಮಂಚ, ಕಿಟಕಿ ಹತ್ತಿರ ಮುಖ ತೊಳೆಯೋ ಬೋಗುಣಿ. ಬಾಗಿಲು ತೆಗೆದು ಒಳಗೆ ಕರೆದ, ಕಾಫಿ ಇಟ್ಟ. ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡು ಹೋಗಿದ್ದೆ. ಒಂದು ಮಾತೂ ಆಡಬೇಕಾಗಲಿಲ್ಲ.

ಬೋಗುಣಿಯ ಮೇಲೆ ಕೆಂಪು ಬಲ್ಬು ಉರೀತಾ ಇತ್ತು.

ನಾನು ಅದನ್ನೇ ನೋಡ್ತಾ ನಿಂತದ್ದನ್ನ ಅವನು ನೋಡಿದ. ಅವತ್ತು ರಾತ್ರಿಯೇ ಬಿಚ್ಚಿ ಹಾಕಿ ನೋಡಿದ್ದನಂತೆ. ತಂತಿಯೂ ಸರಿ, ಬಲ್ಬೂ ಸರಿ. ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಬಹಳ ಹೊತ್ತು ಕಾಫಿ ಕಲಕಿದ.

"ತಂತಿ ನನ್ನ ಕೆಲಸ. ಕಾಲು ನಿಮ್ಮದು. ನಿಮಗೊಬ್ಬಳು ಮಗಳಿದಾಳೆ, ನನ್ನದು ಒಂದು ಹೊಟ್ಟೆ. ಹಾಗಂತ ನಿಮ್ಮ ಮೇಲೆ ಕೋಪ ಇಲ್ಲ ಅಂದ್ಕೋಬೇಡಿ ಮಿಸೆಸ್ ಮ್ಯಾಕ್‌ನರ್ನಿ. ದಿನಾ ಮುಖ ತೊಳೆಯುವಾಗ ಇದನ್ನ ನೋಡಿ ಬೈಕೋತೀನಿ."

ಕಾಫಿಗೆ ಸಕ್ಕರೆ ಹಾಕಿದ್ದ. ಪೂರ್ತಿ ಕುಡಿದೆ.

ಏಪ್ರಿಲ್ 7, ಬುಧವಾರ

ವೆಕ್ಸ್ಲರ್‌ಗೆ ಹೇಳಿದೆ. ಎದ್ದು ನಿಂತ, ಕೂತ, ಮತ್ತೆ ಎದ್ದ. ಏಳು ವರ್ಷದ ನಂಬಿಕೆ ಅಂದ, ಹಾವು ಅಂದ, ಇನ್ನೂ ಏನೇನೋ ಅಂದ. ಎಲ್ಲವೂ ಸರಿಯೇ. ಗುಸ್‌ನ ಕೆಲಸಕ್ಕೆ ವಾಪಸ್ ಕರೆಯೋಕೆ ಆಳು ಕಳಿಸಿದ. ನನ್ನನ್ನ ಕೆಲಸದಿಂದ ತೆಗೆದ. ಕಿಟಕಿಯಲ್ಲಿ ಇನ್ನು ವೆಕ್ಸ್ಲರನೇ ಕೂರ್ತಾನಂತೆ. ಚಿತ್ರ ನೋಡದೋರನ್ನ ಗಮನಿಸಿ ಅಂತ ಅವನಿಗೆ ಹೇಳಿಕೊಟ್ಟು ಬಂದೆ.

ಬ್ರೋನ್ಯಾಗೆ ನಾನೇ ಹೇಳಬೇಕು, ನೀವು ಬಾಯಿ ಬಿಡಬೇಡಿ ಅಂತ ಬೇಡಿಕೊಂಡೆ. ಅದೊಂದಕ್ಕೆ ಒಪ್ಪಿದ.

ಯೂನಾಗೂ ಹೇಳಿದೆ. ಅವಳು ಇವತ್ತು ತಟ್ಟೆ ಒಂದೇ ಇಟ್ಟಳು.

ಏಪ್ರಿಲ್ 10, ಶನಿವಾರ

ಇವತ್ತು ಬ್ರೋನ್ಯಾಳನ್ನ ಜೈಲಿನಿಂದ ಬಿಟ್ಟರು. ಥಿಯೇಟರಿನವರೆಲ್ಲ ಗೇಟಿನ ಹತ್ತಿರ ನಿಂತಿದ್ದರು. ನಾನು ಎದುರುಗಡೆ ಪಾದಚಾರಿ ದಾರಿಯಲ್ಲಿ. ಬಹಳ ತೆಳ್ಳಗಾಗಿದ್ದಾಳೆ. ಯೂನಾ ಓಡಿ ಹೋಗಿ ಅಪ್ಪಿಕೊಂಡಳು. ನಾನು ರಸ್ತೆ ದಾಟಲಿಲ್ಲ.

ಏಪ್ರಿಲ್ 23, ಶುಕ್ರವಾರ

ನಾಳೆ ಹೇಳ್ತೀನಿ, ನಾಳೆ ಹೇಳ್ತೀನಿ ಅಂತ ಇಷ್ಟು ದಿನ ತಳ್ಳಿದೆ. ಯೂನಾ ಈಗ ಎರಡು ತಟ್ಟೆ ಇಡ್ತಾಳೆ, ಮಾತು ಇನ್ನೂ ಅರ್ಧವೇ.

ಏಪ್ರಿಲ್ 30, ಶುಕ್ರವಾರ

ಕೊನೆಯ ದಿನ. ಲೈಸೆನ್ಸು ಇವತ್ತಿಗೆ ಮುಗೀತು, ಮತ್ತೆ ಕೊಡಲ್ಲ ಅಂತ ಹೇಳಿದ್ದಾರೆ. ಇವತ್ತು ಹೇಳದಿದ್ದರೆ ಇನ್ನು ಆ ಬಾಗಿಲೇ ಇರಲ್ಲ ಅಂತ ಮಧ್ಯಾಹ್ನ ಬಟ್ಟೆ ಬದಲಿಸೋ ಕೋಣೆಗೆ ಹೋದೆ. ಬ್ರೋನ್ಯಾ ಕನ್ನಡಿ ಮುಂದೆ ಕೂತಿದ್ದಳು. ಬಾಗಿಲಲ್ಲೇ ನಿಂತು ಎಲ್ಲ ಹೇಳಿದೆ. ಯೂನಾ, ಕೈಗವಸು ಅಂತ ಕಾರಣ ಹೇಳೋಕೆ ಹೋದೆ, ಅರ್ಧಕ್ಕೆ ನಿಲ್ಲಿಸಿದೆ. ನೀನು ಅವಳಿಗೆ ಬಟ್ಟೆ ಬಿಚ್ಚೋದನ್ನೇ ಕಲಿಸಿದ್ದರೂ ನಾನು ಮಾಡಿದ್ದು ತಪ್ಪೇ ಅಂದೆ.

ಅವಳು ಹುಬ್ಬು ತೀಡೋದನ್ನ ನಿಲ್ಲಿಸಲಿಲ್ಲ. ಕನ್ನಡಿಯಲ್ಲೇ ನನ್ನನ್ನ ನೋಡಿ ಮಾತಾಡಿದಳು. ಮೊದಲನೇ ಸಲ ನನ್ನನ್ನ ಹೆಸರು ಹಿಡಿದು ಕರೆದಳು.

"ಕುಣಿಯುವಾಗ ನಾನು ಗಂಡಸರನ್ನ ನೋಡ್ತೀನಿ ಅಂತ ಎಲ್ಲರೂ ಅಂದ್ಕೋತಾರೆ ಡೆಲಿಯಾ. ನಾನು ನೋಡೋದು ಆ ಬಲ್ಬನ್ನ. ಏಳು ವರ್ಷ ನಿನ್ನ ಕಾಲನ್ನ ನಂಬಿ ಕುಣಿದಿದೀನಿ."

ಕ್ಷಮಿಸು ಅಂದೆನೋ ಇಲ್ಲವೋ ನೆನಪಿಲ್ಲ. ಅದನ್ನ ಪಾದ್ರಿ ಹತ್ತಿರ ಇಟ್ಟುಕೋ ಅಂದಳು. ಅವರು ಕೊಟ್ಟದ್ದು ಹೊಂದಲಿಲ್ಲ ಅಂದೆ. ಅದಕ್ಕೆ ಅವಳ ಬಾಯಿಯ ಒಂದು ಮೂಲೆ ಸ್ವಲ್ಪ ಅಲುಗಿತು. ಅವಳು ಕಳಚಿ ಎಸೆದ ಬಟ್ಟೆಯನ್ನ ಪರದೆ ಪಕ್ಕದಲ್ಲಿ ನಿಂತು ಹಿಡಿಯೋಕೆ ಒಬ್ಬಳು ಇರ್ತಿದ್ದಳು. ಕೆಲಸ ಮುಗಿಯೋದು ಗೊತ್ತಾಗಿ ಅವಳು ಹೋದ ವಾರವೇ ಬಿಟ್ಟು ಹೋಗಿದ್ದಾಳೆ. ಆ ಕೆಲಸಕ್ಕೆ ಸಾಮಾನ್ಯವಾಗಿ ಹೆತ್ತ ತಾಯಿಯೋ ಅಕ್ಕನೋ ನಿಲ್ತಾರೆ. ನೆಲಕ್ಕೆ ಬಿದ್ದರೆ ಮಣಿಗಳು ಒಡೀತವೆ, ಆಟ ಮುಗಿದ ತಕ್ಷಣ ಮೈಗೆ ಹೊದಿಸಬೇಕು, ನಂಬಿದವರೇ ಬೇಕು.

"ಕ್ಷಮೆ ಇಲ್ಲ ನನ್ನ ಹತ್ರ. ಬಟ್ಟೆ ಹಿಡಿಯೋರು ಇಲ್ಲ, ಅಷ್ಟು ಗೊತ್ತು. ನಿಲ್ತೀಯಾ?"

ನಿಂತೆ.

ಏಳು ವರ್ಷದಲ್ಲಿ ಮೊದಲ ಸಲ ನಮ್ಮ ಆಟ ನೋಡಿದೆ. ನೋಡಿದೆ ಅನ್ನೋಕೂ ಆಗಲ್ಲ, ಕಣ್ಣು ಆ ಸಾಲಿನ ಕೊನೆಯ ಬಲ್ಬಿನಿಂದ ಕೀಳಲಿಲ್ಲ. ಗುಸ್ ತನ್ನ ಮನೆಯದನ್ನೇ ತಂದು ಹಾಕಿದ್ದ. ಕಹಳೆ ಶುರುವಾಯಿತು. ಯೂನಾ ವಾಪಸ್ ಕೊಟ್ಟಿದ್ದ ಹಸಿರು ಕೈಗವಸಿನ ಮೊದಲ ಬೆರಳನ್ನ ಬ್ರೋನ್ಯಾ ಎಳೆದಳು. ಬಲ್ಬು ಹತ್ತಿತು.

ಕಿಟಕಿಯಲ್ಲಿ ವೆಕ್ಸ್ಲರ್ ಗುಂಡಿ ಒತ್ತಿದ್ದ. ಅವಳೂ ಬಲ್ಬನ್ನ ಕಂಡಳು. ಎಳೆದ ಬೆರಳನ್ನ ಹಾಗೇ ಹಿಡಿದು ನಿಂತಳು. ವಾದ್ಯದವರು ಬಾಸ್ಟನ್ ಆಟಕ್ಕೆ ಇಳಿದರು. ಅವಳು ಕಾದಳು, ಕಾದಳು. ಆಮೇಲೆ ಇಲ್ಲದ ಕನ್ನಡಕವನ್ನ ಮೂಗಿನಿಂದ ತೆಗೆದು ಕೈಗವಸಿನಲ್ಲಿ ಒರೆಸಿದಳು. ಮುಂದಿನ ಸಾಲಿನ ಗಂಡಸರನ್ನ ಮೇಲಿಂದ ಕೆಳಗೆ ಒಬ್ಬೊಬ್ಬರನ್ನೇ ಪೂರ್ತಿ ನೋಡಿ ಮುಗಿಸಿ ಛೀ ಅಂತ ತಲೆಯಾಡಿಸಿದಳು. ಅದೇ ಜಡ್ಜ್, ಅಚ್ಚು ಹಾಕಿದ ಹಾಗೆ. ಒಂದು ನೂಲೂ ಮೈಯಿಂದ ಇಳಿಯಲಿಲ್ಲ. ಸಭೆ ಬಿದ್ದು ಬಿದ್ದು ನಕ್ಕಿತು. ಆ ಕಡೆಯ ಪರದೆ ಪಕ್ಕದಲ್ಲಿ ಇಜ್ಜಿ ಕೆಂಪು ಮೂಗು ಕೈಯಲ್ಲಿ ಹಿಡಿದುಕೊಂಡು ಅಳ್ತಾ ಇದ್ದ.

ಹೋಗುವಾಗ ಆ ಕೈಗವಸನ್ನ ಮಾತ್ರ ಬಿಚ್ಚಿ ನನ್ನ ಕಡೆ ಎಸೆದಳು. ಹಿಡಿದೆ. ಅವಳ ಕೈಯ ಬಿಸಿ ಇನ್ನೂ ಅದರಲ್ಲಿತ್ತು.

ಮೇ 2, ಭಾನುವಾರ

ಥಿಯೇಟರಿಗೆ ಬೀಗ ಹಾಕಿದ್ದಾರೆ. ಚಿತ್ರಗಳನ್ನೂ ಕಿತ್ತು ಹಾಕಿದ್ದಾರೆ. ಇಜ್ಜಿ, ಬ್ರೋನ್ಯಾ ಇಬ್ಬರೂ ನ್ಯೂಜೆರ್ಸಿ ಕಡೆ ಕೆಲಸ ಕೇಳೋಕೆ ಹೋದರು. ಯೂನಾ ಸ್ಟೇಷನ್ನಿಗೆ ಹೋಗಿ ಬಿಟ್ಟು ಬಂದಳು. ನನಗೆ ಬ್ರೋನ್ಯಾ ಏನೂ ಹೇಳಿ ಕಳಿಸಿಲ್ಲ. ಕೈಗವಸನ್ನ ಮಾತ್ರ ವಾಪಸ್ ಕೇಳಿಲ್ಲ.

ಬೆಳಿಗ್ಗೆ ಪೂಜೆಗೆ ಹೋಗಿದ್ದೆವು. ಚರ್ಚು ಮೌನವಾಗಿತ್ತು. ಗಂಟೆ ಹೊಡೆದರು. ಯೂನಾ ನನ್ನ ಮೊಣಕೈ ಹಿಡಿದು ಅಲುಗಿಸಿದಳು.

"ಅಮ್ಮಾ, ಯಾಕೆ ಕಾಲು ಒತ್ತುತ್ತಾ ಇದೀಯ?"

ಕೆಳಗೆ ನೋಡಿದೆ. ಬಲಗಾಲು ಬರೀ ನೆಲವನ್ನ ಒತ್ತುತ್ತಾ ಇತ್ತು, ಬಿಡ್ತಾ ಇತ್ತು, ಮತ್ತೆ ಒತ್ತುತ್ತಾ ಇತ್ತು.